ಸಗರದ ತಿರುವಿನಲ್ಲಿ ತಿರುಗದ ಟ್ರ್ಯಾಕ್ಟರ್

"ಅಕ್ಕೋರ, 'ಬೇಕಂತನ' ಅನ್ನೋದನ್ನ ಮರೀದಂಗ ಹಾಕ್ರಿ. ಬೇಕಂತನ ಹೊಡದಾನ ಅಂವ," ಎಂದರು ಚಂದ್ರಾಮಪ್ಪ.

ನನ್ನ ಪೆನ್ನು ಅಲ್ಲೇ ನಿಂತಿತು. ಅದು ೧೯೯೩ರ ಜುಲೈ ಕೊನೆಯ ಭಾನುವಾರ. ಶಹಾಪುರದ ಹೆಣ್ಣುಮಕ್ಕಳ ಶಾಲೆಯಲ್ಲಿ ನಾನು ಕನ್ನಡ ಕಲಿಸುತ್ತಿದ್ದೆ. ಅಕ್ಷರ ದುಂಡಗಿದೆ ಎಂಬ ಕಾರಣಕ್ಕೆ ಸುತ್ತಲಿನ ಊರುಗಳವರು ಅರ್ಜಿ ಬರೆಸಲು ನನ್ನ ಬಳಿಗೆ ಬರುತ್ತಿದ್ದರು. ಪಿಂಚಣಿ ಅರ್ಜಿ, ರಸ್ತೆ ದೀಪದ ಅರ್ಜಿ ಎಷ್ಟೋ ಬರೆದಿದ್ದೆ. ಒಬ್ಬ ಮನುಷ್ಯನನ್ನು ಪೊಲೀಸರ ಕೈಗೆ ಕೊಡುವ ಅರ್ಜಿಯನ್ನು ಮಾತ್ರ ಬರೆದಿರಲಿಲ್ಲ.

ನನ್ನೆದುರು ಕುಳಿತಿದ್ದವರು ಇಬ್ಬರು. ಇಬ್ಬರೂ ಸಗರದ ರೈತರು, ಇಬ್ಬರಿಗೂ ಸ್ವಂತ ಟ್ರ್ಯಾಕ್ಟರ್ ಇತ್ತು. ಮಾತೆಲ್ಲ ಚಂದ್ರಾಮಪ್ಪನವರದೇ. ಮಹಾದೇವಪ್ಪನವರು ಟವೆಲಿನ ಅಂಚು ಹಿಂಡುತ್ತ ನೆಲ ನೋಡುತ್ತಿದ್ದರು. ಹಿಂದಿನ ದಿನ ಸಂಜೆ ಐದಕ್ಕೆ ಅವರ ಟ್ರ್ಯಾಕ್ಟರ್ ಕಾಲುವೆಯ ದಾರಿಯಲ್ಲಿ ಎಡಕ್ಕೆ ತಿರುಗಬೇಕಾದ ಕಡೆ ತಿರುಗದೆ ನೆಟ್ಟಗೆ ಹೋಗಿ ಉಪಕಾಲುವೆಯ ಗೇಟಿಗೆ ಗುದ್ದಿತ್ತು. ಗೇಟಿನ ಕಬ್ಬಿಣದ ಚೌಕಟ್ಟು ಬಾಗಿ, ನೀರು ನುಗ್ಗಿ, ಮೂರು ಮನೆಯವರ ಭತ್ತದ ಸಸಿಮಡಿ ಕೊಚ್ಚಿಹೋಗಿತ್ತು. ಓಡಿಸುತ್ತಿದ್ದವನು ಅಂಬಣ್ಣ. ಒಂಬತ್ತು ವರ್ಷದಿಂದ ಮಹಾದೇವಪ್ಪನವರ ಡ್ರೈವರ್.

"ಅಂವನ ಹೊಲ ಕಾಲುವಿ ತುದಿಗೈತ್ರಿ. ಅಲ್ಲಿಗೆ ನೀರ ಮುಟ್ಟಂಗಿಲ್ಲ," ಎಂದರು ಚಂದ್ರಾಮಪ್ಪ. "ಹೋದ ವಾರ ಅದ ಗೇಟಿನ ಮುಂದ ನಿಂತು, 'ಒಂದಿನ ಟ್ರ್ಯಾಕ್ಟರ್ ತಂದು ಇದನ್ನ ಮುರದ ಹಾಕತೀನಿ' ಅಂತ ಚೀರ್ಯಾನ. ಹತ್ತು ಮಂದಿ ಕೇಳ್ಯಾರ. ಈಗ ಮುರದಾನ. ಇನ್ನೇನ ಸಾಕ್ಷಿ ಬೇಕ್ರಿ?"

"ಅಂವ ಏನಂತಾನ?" ಎಂದು ಒಳಗಿನಿಂದ ದನಿ ಬಂತು.

ಬಾಗಿಲಲ್ಲಿ ಮೊರ ಹಿಡಿದು ಹಜರಾಬೀ ನಿಂತಿದ್ದರು. ನಾನು ಬಾಡಿಗೆಗಿದ್ದದ್ದು ಅವರ ಮನೆಯಲ್ಲೇ. ಅವರ ಗಂಡ ಕಾಲುವೆ ಕೆಲಸದ ಒಂದು ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ಅವರು ತೀರಿಕೊಂಡ ಮೇಲೆ ಅಲ್ಲಿನ ಸಾಮಾನು ಕೋಣೆಯ ಕೆಲಸ ಇವರಿಗೆ ಸಿಕ್ಕಿತ್ತು. ಹದಿನೆಂಟು ವರ್ಷ ಸ್ಪ್ಯಾನರು, ಸುತ್ತಿಗೆ ಕೊಡುತ್ತ, ಮುರಿದ ಭಾಗಗಳನ್ನು ವಾಪಸು ಪಡೆಯುತ್ತ ಕಳೆದವರು. "ತಾನಾಗೇ ಮುರೀತು" ಎಂದು ಫಿಟ್ಟರುಗಳು ಹೇಳಿದಾಗೆಲ್ಲ ಆ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು, ಅದು ಸವೆದು ಮುರಿದದ್ದೋ ಹೊಡೆದು ಮುರಿದದ್ದೋ ಎಂದು ಹೇಳುತ್ತಿದ್ದರಂತೆ. ನಿವೃತ್ತರಾದ ಮೇಲೂ ಜನ ಅವರ ಹತ್ತಿರ ಬರುತ್ತಿದ್ದರು. ಆಗ ತರುತ್ತಿದ್ದದ್ದು ಮುರಿದ ಕಬ್ಬಿಣವಲ್ಲ, ಮುರಿದ ಸಂಗತಿಗಳು. ನಾನು ಅವರನ್ನು ಚಾಚಿ ಎನ್ನುತ್ತಿದ್ದೆ.

"ಹಿಂದಿನ ಎರಡೂ ಗಾಲಿ ಜೋಡಿಸೋ ಲಾಕ್ ಹಿಡಕೊಂಡಿತ್ತು, ಸ್ಟೇರಿಂಗ್ ತಿರುವಿದ್ರೂ ಗಾಡಿ ತಿರಗಲಿಲ್ಲ ಅಂತಾನ್ರಿ," ಎಂದರು ಮಹಾದೇವಪ್ಪ, ಮೊದಲ ಬಾರಿ ಬಾಯಿ ಬಿಟ್ಟು. "ಆದ್ರ ಮುಂಜಾನಿ ಮಿಸ್ತ್ರಿ ಬಂದು ನೋಡಿದ. ಲಾಕಿನ ಪೆಡಲ್ ಹೂವಿನಂಗ ಮ್ಯಾಲ ಕೆಳಗ ಆಡಾಕತ್ತೈತಿ. ಏನೂ ಕೆಟ್ಟಿಲ್ಲ ಅಂದ."

"ಗೇಟಿಂದ ಗಾಡಿ ಹೆಂಗ ಹೊರಗ ತೆಗದ್ರಿ?" ಎಂದರು ಚಾಚಿ.

"ನನ್ನ ಗಾಡಿ ತಂದೆ. ಹಿಂದ ಸರಪಳಿ ಕಟ್ಟಿ ಹಿಂದಕ್ಕ ಜಗ್ಗಿದೆ," ಎಂದರು ಚಂದ್ರಾಮಪ್ಪ. "ಊರಿಗೆ ಊರ ನೋಡತಿತ್ತು, ಒಬ್ಬರೂ ಕೈ ಹಚ್ಚಲಿಲ್ಲ."

"ಹಿಂದಕ್ಕ," ಎಂದು ಚಾಚಿ ತಮ್ಮಷ್ಟಕ್ಕೆ ಹೇಳಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಅಕ್ಕೋರ, ಆ ಒಂದು ಶಬ್ದಕ್ಕ ಜಾಗಾ ಖಾಲಿ ಬಿಡ್ರಿ. ಕಾಲುವಿ ಓವರ್ಸಿಯರ್ ಸಾಹೇಬರು ಯಾವಾಗ ಬರ್ತಾರ?"

"ನಾಕಕ್ಕ ಗೇಟ್ ನೋಡಾಕ ಬರ್ತಾರ. ಅವರ ಕೈಯಾಗ ಅರ್ಜಿ ಕೊಡಬೇಕು," ಎಂದರು ಚಂದ್ರಾಮಪ್ಪ.

"ಹಂಗಾದ್ರ ನಾಕಕ್ಕ ಅಕ್ಕೋರು ಅಲ್ಲೇ ಬರದು ಕೊಡತಾರ. ನಡೀರಿ."

ಅವರು ಹೋದ ಕಾಲು ಗಂಟೆಗೆ ಅಂಬಣ್ಣನ ಹೆಂಡತಿ ಮಾನಮ್ಮ ಬಂದಳು. ಸಗರದಿಂದ ನಡೆದೇ ಬಂದಿದ್ದಳು. ಕಾಲಿಗೆ ಮೊಣಕಾಲ ತನಕ ಕೆಸರು. ಒಳಗೆ ಬಾ ಎಂದರೂ ಬರದೆ ಕಟ್ಟೆಯ ಕೆಳಗೇ ನಿಂತಳು.

"ಅಂವ ಸಿಟ್ಟಿನ್ಯಾಗ ಮಾತಾಡ್ಯಾನ್ರಿ, ಅದು ಖರೇ," ಎಂದಳು. "ನನಗೂ ಹಂಗ ಅಂತಾನ, 'ನಿನ್ನ ರೊಟ್ಟಿ ಹಂಚನ್ನ ಒಡದ ಹಾಕತೀನಿ' ಅಂತ. ಹದಿನಾಕು ವರ್ಷಾತು, ಹಂಚು ಹಂಗ ಐತಿ. ಆದ್ರ ಆ ಗಾಡೀನ ಅಂವ ಕೂಸಿನಂಗ ನೋಡ್ಯಾನ. ಗೇಟ ಮುರಿಯಾಂವಾದ್ರ ಕಬ್ಬಿಣದ ಹಾರಿ ತಗೊಂಡು ಹೋಗತಿದ್ದ, ಗಾಡಿ ಯಾಕ ತಗೊಂಡು ಹೋದಾನು? ಪೊಲೀಸರು ಒಯ್ದ್ರ ಅಂವಗ ಯಾರು ಮತ್ತ ಸ್ಟೇರಿಂಗ್ ಕೊಡತಾರ್ರಿ? ಅದೊಂದು ಬಿಟ್ಟು ಅಂವಗ ಏನೂ ಬರಂಗಿಲ್ಲ."

ಚಾಚಿ ಒಳಗೆ ಹೋಗಿ ಹೊಲಿಗೆಯ ಟೇಪು, ಒಂದು ಗೋಣಿಯ ತುಂಡು ಕೈಚೀಲಕ್ಕೆ ಹಾಕಿಕೊಂಡು ಬಂದರು. "ಅತ್ತು ಮುಗೀತಾ ಬೇಟಿ? ಮುಗಿದ್ರ ಬಸ್ಸಿಗೆ ನಡಿ," ಎಂದರು.

ನಾವು ಮೂವರೂ ಸಗರಕ್ಕೆ ಹೋದಾಗ ಹನ್ನೊಂದು ದಾಟಿತ್ತು. ಚಾಚಿ ಊರೊಳಕ್ಕೆ ಹೋಗದೆ ನೇರ ಕಾಲುವೆಗೆ ನಡೆದರು. ಗೇಟಿನ ಪಕ್ಕ ಒಂದು ದೊಡ್ಡ ಬೇವಿನ ಮರ. ಅದರ ಕೆಳಗೆ ಗೇಟು ನೋಡಿಕೊಳ್ಳುವ ಮರಿಲಿಂಗಪ್ಪ ಬೀಡಿ ಸೇದುತ್ತ ಕುಳಿತಿದ್ದ. ಮುರಿದ ಗೇಟಿಗೆ ಮರಳಿನ ಚೀಲ ಒಡ್ಡಿದ್ದರು.

ಚಾಚಿ ಗೇಟನ್ನು ನೋಡಲಿಲ್ಲ. ಮೊರಂ ಎಂಬ ಗರಸು ಮಣ್ಣು ಹಾಕಿದ ದಾರಿಯ ಮೇಲೆ ಬಗ್ಗಿ ತಿರುವಿನ ತನಕ ಹೆಜ್ಜೆ ಹೆಜ್ಜೆಯಾಗಿ ಹೋದರು. "ಅಕ್ಕೋರ, ಇಲ್ಲೇನ ಕಾಣತೈತಿ ಹೇಳ್ರಿ. ನಿಮ್ಮ ಕಣ್ಣು ಬಾಳ ಹುಷಾರ."

ಹೌದು, ನಾನು ಎಲ್ಲವನ್ನೂ ನೋಡುವವಳು. ಹೆದರಿಕೆಯಿಂದ ನೋಡುವವಳು, ಅಷ್ಟೇ. ಹಿಂದಿನ ದೊಡ್ಡ ಗಾಲಿಗಳ ಗುರುತು ಗೆರೆ ಎಳೆದಂತೆ ನೆಟ್ಟಗಿತ್ತು. ಮುಂದಿನ ಸಣ್ಣ ಗಾಲಿಗಳ ಗುರುತು ಮಾತ್ರ ತಿರುವಿಗೆ ಹತ್ತು ಮಾರು ಮೊದಲೇ ಅಗಲವಾಗಿ, ಬಾಚಣಿಗೆ ಅಡ್ಡ ಎಳೆದ ಹಾಗೆ ಮಣ್ಣನ್ನು ಕೆರೆದುಕೊಂಡು ಹೋಗಿತ್ತು. ನೋಡಿದ್ದನ್ನು ಹೇಳಿದೆ. ಅದರ ಅರ್ಥ ನನಗೆ ತಿಳಿಯಲಿಲ್ಲ.

"ಬರಕೊಳ್ಳ್ರಿ," ಎಂದರು ಚಾಚಿ. ಆಮೇಲೆ ಮರಿಲಿಂಗಪ್ಪನ ಕಡೆ ಹೋದರು. ಮರದ ಕೆಳಗೆ ಒಣ ನೆಲದಲ್ಲಿ ನಾಲ್ಕು ದುಂಡನೆಯ ಗುರುತುಗಳಿದ್ದವು. "ಇಲ್ಲೇನಿಟ್ಟಿದ್ರೋ ತಮ್ಮಾ?"

"ಗಾಲಿರೀ. ಗದ್ಯಾಗ ಕೆಸರ ಹೊಡೆಯೋ ಮುಂದ ರಬ್ಬರ್ ಗಾಲಿ ತೆಗದು ಕಬ್ಬಿಣದ ಗಾಲಿ ಹಾಕತಾರಲ್ಲ, ತೆಗದದ್ದು ಇಲ್ಲೇ ಇಡತಾರ. ಎರಡು ಮಹಾದೇವಪ್ಪಂದು, ಎರಡು ಚಂದ್ರಾಮಪ್ಪಂದು. ನಾಕ ದಿನ ಇದ್ದುವು. ನಾನ ಕಾಯ್ದೀನಿ."

"ನಾಕೂ ದಿನ ಇಲ್ಲೇ ಇದ್ದೇನು? ಊಟಾ ಗೀಟಾ?"

"ಊಟಕ್ಕ ಹೋಗೇ ಹೋಗತೀನ್ರಿ, ನಾನೇನು ಬೇವಿನ ಗಿಡಾ ಏನು?" ಎಂದು ಮರಿಲಿಂಗಪ್ಪ ರೇಗಿದ. "ಏನೂ ಕಳುವಾಗಿಲ್ಲ. ನಾಕ ಗಾಲಿ ಇದ್ದುವು, ನಾಕೂ ಹೋದುವು. ಶುಕ್ರವಾರ ಮಧ್ಯಾಹ್ನ ಚಂದ್ರಾಮಪ್ಪ ತನ್ನುವು ಹಾಕ್ಕೊಂಡು ಹೋದ. ನಿನ್ನಿ ಅಂಬಣ್ಣ ಉಳಿದುವು ಹಾಕ್ಕೊಂಡ. ಹಾಕ್ಕೊಂಡ ಅರ್ಧ ತಾಸಿಗೆ ನನ್ನ ಗೇಟಿನ ಮ್ಯಾಲ ಬಂದ."

ಮಹಾದೇವಪ್ಪನವರ ಅಂಗಳದಲ್ಲಿ ಟ್ರ್ಯಾಕ್ಟರ್ ನಿಂತಿತ್ತು. ಮುಂದಿನ ಬಂಪರು ಬಾಗಿತ್ತು, ಉಳಿದಂತೆ ಕೆಸರಷ್ಟೇ. ಅಂಬಣ್ಣ ಗೋಡೆಗೊರಗಿ ಕುಳಿತಿದ್ದ. ಮೂವತ್ತೈದರ ಸಣಕಲು ಆಳು. ನಮ್ಮನ್ನು ನೋಡಿ ಎದ್ದ. ಗಾಡಿಯ ಹತ್ತಿರ ಬರಲು ಯಾರೋ ಬೇಡವೆಂದಿದ್ದರೆಂದು ಕಾಣುತ್ತದೆ, ಹತ್ತಡಿ ದೂರದಲ್ಲೇ ನಿಂತ.

"ನಡದದ್ದು ನಡದಂಗ ಹೇಳು," ಎಂದರು ಚಾಚಿ.

"ಗಾಲಿ ಹಾಕಿ ಗದ್ದಿ ದಂಡಿಗೆ ಹತ್ತಸಾಕತ್ತಿದ್ದೆ. ಒಂದು ಗಾಲಿ ಕೆಸರಿನ್ಯಾಗ ಸುಮ್ನ ತಿರಗಾಕತ್ತು. ಲಾಕಿನ ಪೆಡಲ್ ತುಳದೆ. ಎರಡೂ ಗಾಲಿ ಜೋಡಿ ಹಿಡದು ಮ್ಯಾಲ ಬಂತು. ಕಾಲ ತೆಗದೆ. ಪೆಡಲ್ ಮ್ಯಾಲ ಬರಲಿಲ್ಲ. ಕೆಸರ ಸಿಕ್ಕಿರಬೇಕು ಅಂತ ಕಾಲಿಲೆ ಎತ್ತಿದೆ. ಬರಲಿಲ್ಲ. ಅಷ್ಟರಾಗ ತಿರುವು ಬಂತು. ಸ್ಟೇರಿಂಗ್ ಪೂರಾ ಎಡಕ್ಕ ತಿರುವಿ ಎಡಗಡಿ ಬ್ರೇಕ್ ಒತ್ತಿದೆ. ನೆಟ್ಟಗ ಹೋತು. ಹಿಂದ ಟ್ರೇಲರಿನ್ಯಾಗ ಕಬ್ಬಿಣದ ಗಾಲಿ ಇದ್ದುವು, ದೂಡಿಬಿಟ್ಟುವು."

"ಮತ್ತೇನರ?"

"ಗಾಡಿ ಬಲಕ್ಕ ವಾಲಿದಂಗ ಅನಸ್ತು. ಗಾಳಿ ಕಮ್ಮಿ ಇರಬೇಕು ಅನ್ಕೊಂಡೆ."

ಮೆಟ್ಟಿಲ ಮೇಲಿದ್ದ ಮಿಸ್ತ್ರಿ ಮನ್ಸೂರಅಲಿ ತಲೆ ಅಲ್ಲಾಡಿಸಿದ. "ಗಾಳಿ ನಾನು ನೋಡೀನಿ ಚಾಚಿ. ಎರಡಕ್ಕೂ ಬರೋಬರಿ ಐತಿ. ಪೆಡಲ್ಲಿನ ಸ್ಪ್ರಿಂಗ್ ಛಲೋ ಐತಿ, ರಾಡ್ ಬಾಗಿಲ್ಲ, ಜಂಗ್ ಹಿಡದಿಲ್ಲ. ಲಾಕ್ ಹೆಂಗ ಸಿಕ್ಕೀತು?"

"ಎಲ್ಲಾ ನೋಡೀಯಪ್ಪ. ಗಾಲಿ ನೋಡಿಯೇನು?"

"ಗಾಲ್ಯಾಗೇನೈತಿ? ದುಂಡಗ ಅದಾವ."

ಚಾಚಿ ನಕ್ಕು ಟೇಪು ತೆಗೆದರು. ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು ನೆಲಕ್ಕೆ ಹಿಡಿಯಲು ಹೇಳಿದರು. ಎಡಗಾಲಿಯ ನಡುಭಾಗ ನೆಲದಿಂದ ಇಪ್ಪತ್ತೈದು ಇಂಚು. ಬಲಗಾಲಿಯದು ಇಪ್ಪತ್ತನಾಲ್ಕು. ಆಮೇಲೆ ಕೆಸರು ತುಂಬಿದ್ದ ಟೈರಿನ ಕಚ್ಚುಗಳಿಗೆ ಕಡ್ಡಿ ತೂರಿಸಿದರು. ಎಡಗಡೆ ಕಡ್ಡಿ ಬೆರಳ ಗೆಣ್ಣಿನಷ್ಟು ಆಳಕ್ಕೆ ಇಳಿಯಿತು. ಬಲಗಡೆ ಉಗುರಿನಷ್ಟೂ ಇಳಿಯಲಿಲ್ಲ. ಗೋಣಿಯಿಂದ ಎಡಗಾಲಿಯ ಕಬ್ಬಿಣದ ತಟ್ಟೆಯನ್ನು ಒರೆಸಿದರು. ಕೆಸರಿನಡಿಯಲ್ಲಿ ಜಾಜಿನ, ಅಂದರೆ ಕೆಮ್ಮಣ್ಣಿನ ಅಂಗೈ ಗುರುತು ಕಂಡಿತು. ಬಲಗಾಲಿಯನ್ನೂ ಒರೆಸಿದರು. ಅಲ್ಲಿ ತುಕ್ಕು ಬಿಟ್ಟು ಏನೂ ಇರಲಿಲ್ಲ.

ಅಷ್ಟರಲ್ಲಿ ಮಹಾದೇವಪ್ಪನವರ ತಾಯಿ ಬಾಲಮ್ಮ ನೀರಿನ ಚೆಂಬು ತಂದರು. ಚೆಂಬು ತೆಗೆದುಕೊಳ್ಳುವಾಗ ನೋಡಿದೆ. ಅವರ ಬಲಗೈಯಲ್ಲಿ ಉಂಗುರದ ಬೆರಳಿರಲಿಲ್ಲ. ಮೇವು ಕತ್ತರಿಸುವ ಯಂತ್ರ ತೆಗೆದುಕೊಂಡದ್ದಂತೆ.

"ಈ ಕೈ ನಿಮ್ಮದಾ ಅಮ್ಮಾ?" ಎಂದು ಚಾಚಿ ಗಾಲಿ ತೋರಿಸಿದರು.

"ನಂದ," ಎಂದು ಮುದುಕಿ ನಾಚಿದರು. "ಕಾರ ಹುಣ್ಣಿಮಿಗೆ ಎತ್ತಿಗೆ ಜಾಜು ಬಡೀತಿದ್ನಲ್ಲ. ಎತ್ತು ಹೋದುವು, ಕೈ ಕೇಳಬೇಕಲ್ಲ? ಜಾಜು ಎಣ್ಯಾಗ ಕಲಸಿ ಇದಕ್ಕ ಬಡೀತೀನಿ, ಎರಡೂ ಗಾಲಿಗೂ. ಮಗಾ ನಗತಾನ. ನಗಲಿ ಬಿಡ್ರಿ."

ಚಾಚಿ ಚೆಂಬಿನ ನೀರು ಪೂರ್ತಿ ಕುಡಿದರು. ಅವರಿಗೆ ಏನೋ ಗೊತ್ತಾಗಿದೆ ಎಂದು ನನಗೆ ಅನ್ನಿಸಿತು. ಗೊತ್ತಾದಾಗ ಅವರು ಬಾಯಾರಿದವರಂತೆ ನೀರು ಕುಡಿಯುತ್ತಿದ್ದರು.

ಊರಿನಿಂದ ಕಾಲುವೆಗೆ ಮರಳುವ ದಾರಿಯಲ್ಲಿ ಚಂದ್ರಾಮಪ್ಪನವರ ಮನೆ. ಅಂಗಳದಲ್ಲಿ ಅವರ ಟ್ರ್ಯಾಕ್ಟರ್ ಇತ್ತು, ಮಹಾದೇವಪ್ಪನವರದೇ ಕಂಪನಿಯದು, ಅದೇ ಅಳತೆಯದು. ಹಿಂದಿನ ಬಲಗಾಲಿಯ ತಟ್ಟೆ ಹೊಸ ಬೆಳ್ಳಿ ಬಣ್ಣದಲ್ಲಿ ಹೊಳೆಯುತ್ತಿತ್ತು.

"ಗಾಡಿಗೆ ಬಣ್ಣ ಛಂದ ಹಚ್ಚೀರಿ ಅಣ್ಣಾರ," ಎಂದರು ಚಾಚಿ ಬೇಲಿಯಾಚೆಯಿಂದ.

"ಕಾರ ಹುಣ್ಣಿಮಿಗೆ ಹಚ್ಚಿದ್ದ್ರಿ," ಎಂದರು ಚಂದ್ರಾಮಪ್ಪ. "ನೀವೇನು ಗಾಡಿ ಕೊಳ್ಳಾಕ ಬಂದೀರೇನು?"

"ಈ ವಯಸ್ಸಿಗೆ ಗಾಡಿ ಯಾಕ್ರಿ, ಕಾಲ ಸಾಕು. ನಾಕಕ್ಕ ಅದನ್ನೂ ಗೇಟಿನ ಹತ್ತರ ತರ್ರಿ. ಮತ್ತ ಜಗ್ಗೋದು ಬಂದೀತು."

ನಾಲ್ಕಕ್ಕೆ ಓವರ್ಸಿಯರ್ ಜೀಪಿನಲ್ಲಿ ಬಂದಾಗ ಎರಡೂ ಟ್ರ್ಯಾಕ್ಟರುಗಳನ್ನು ಗೇಟಿನ ಹತ್ತಿರ ತಂದು ನಿಲ್ಲಿಸಿದ್ದರು, ಸುತ್ತ ಊರೇ ನೆರೆದಿತ್ತು. ಸಸಿ ಕಳೆದುಕೊಂಡ ಮೂರು ಮನೆಯವರು ಎಲ್ಲರಿಗಿಂತ ಮುಂದಿದ್ದರು. ಅವರಲ್ಲಿ ಸುರಪುರದಿಂದ ಮದುವೆಯಾಗಿ ಬಂದಿದ್ದ ಮೌನಮ್ಮ ಎಂಬವಳು ಹೆಸರಿಗೆ ತದ್ವಿರುದ್ಧವಾಗಿ ಬೈಯುತ್ತಿದ್ದಳು. ಓವರ್ಸಿಯರ್ ವಯಸ್ಸಾದ, ಬೇಸತ್ತ ಮನುಷ್ಯ. ಅರ್ಜಿಗೆ ಕೈ ಚಾಚಿದರು. ನಾನು ಕೊಟ್ಟೆ.

"ನಡುವ ಜಾಗಾ ಯಾಕ ಬಿಟ್ಟೀರಿ?"

ಅಷ್ಟು ಜನರೆದುರು ಮಾತಾಡಿ ನನಗೆ ಅಭ್ಯಾಸವಿಲ್ಲ. "ಅಲ್ಲಿ ಯಾವ ಶಬ್ದ ಬರೀಬೇಕು ಅಂತ ಇನ್ನೂ ಗೊತ್ತಾಗಿಲ್ಲ ಸರ್," ಎಂದೆ.

"ಹತ್ತು ನಿಮಿಷ ಕೊಡ್ರಿ ಸಾಹೇಬ್ರ," ಎಂದರು ಚಾಚಿ. "ಅಂಬಣ್ಣಾ, ಗಾಡಿ ಏರು."

ಜನ ಗದ್ದಲವೆಬ್ಬಿಸಿದರು. "ಮತ್ತೊಂದು ಗೇಟ ಮುರಿಯಾಕ ಹಚ್ಚೀಯೇನು ಮುದುಕೀ?" ಎಂದು ಮೌನಮ್ಮ ಕೂಗಿದಳು. ಅಂಬಣ್ಣ ಮಹಾದೇವಪ್ಪನವರನ್ನು ನೋಡಿದ. ಅವರು ಓವರ್ಸಿಯರ್ ಕಡೆ ನೋಡಿದರು. ಓವರ್ಸಿಯರ್ ಕೈಯಾಡಿಸಿದರು. ಅಂಬಣ್ಣ ಏರಿದ.

ಚಾಚಿ ಗಾಡಿಯನ್ನು ಗೇಟಿಗೆ ಬೆನ್ನು ಮಾಡಿಸಿ ಗದ್ದೆಯ ಅಂಚಿಗೆ ಇಳಿಸಿದರು. ಎದುರಿಗಿದ್ದದ್ದು ಖಾಲಿ ಬಯಲು. "ಒಂದನೇ ಗೇರು. ಲಾಕ್ ತುಳಿ. ದಾರೀಗೆ ಹತ್ತಸು. ಹತ್ತಿದ ಮ್ಯಾಲ ಕಾಲ ತೆಗದು, ನೆಟ್ಟಗ ಹೋಗು."

ಟ್ರ್ಯಾಕ್ಟರ್ ಕೆಸರು ಉಗುಳುತ್ತ ಮೊರಂ ದಾರಿಗೆ ಹತ್ತಿತು. ಅಂಬಣ್ಣ ಎರಡೂ ಕಾಲು ಎತ್ತಿ ಎಲ್ಲರಿಗೂ ತೋರಿಸಿದ. ಪೆಡಲು ಕೆಳಗೇ ಇತ್ತು. ಮಿಸ್ತ್ರಿ ಮನ್ಸೂರಅಲಿ ಓಡಿಹೋಗಿ ಕೈಯಿಂದ ಎತ್ತಿ ನೋಡಿದ. ಅಲುಗಲಿಲ್ಲ.

"ಈಗ ಸ್ಟೇರಿಂಗ್ ಪೂರಾ ಎಡಕ್ಕ!"

ಮುಂದಿನ ಗಾಲಿಗಳೆರಡೂ ಎಡಕ್ಕೆ ಹೊರಳಿದವು. ಗಾಡಿ ಹೊರಳಲಿಲ್ಲ. ಹೊರಳಿದ ಗಾಲಿಗಳನ್ನು ಅಡ್ಡಡ್ಡ ಕೆರೆಸಿಕೊಂಡು ನೆಟ್ಟಗೇ ಹೋಯಿತು. ಅದರ ಹಿಂದೆ ಮಣ್ಣಿನ ಮೇಲೆ ಬಾಚಣಿಗೆ ಎಳೆದಂಥ ಎರಡು ಅಗಲ ಗೆರೆ ಮೂಡಿತು. ಬೆಳಿಗ್ಗೆ ನಾನು ಬರೆದುಕೊಂಡದ್ದು ಅದೇ ಗೆರೆ. ಬೈಯುತ್ತಿದ್ದ ಮೌನಮ್ಮ ಬಗ್ಗಿ ಆ ಗೆರೆಯನ್ನು ಮುಟ್ಟಿ ನೋಡಿದಳು.

"ನಿಲ್ಲಸು. ಈಗ ಒಂದು ಮೊಳ ಹಿಂದಕ್ಕ ತಗೋ."

ಗಾಡಿ ಹಿಂದೆ ಸರಿಯಿತು. ಒಳಗೆ ಟಕ್ ಎಂದು ಸದ್ದಾಯಿತು. ಪೆಡಲು ತಾನಾಗಿಯೇ ಮೇಲೆ ಬಂದು ನಿಂತಿತು.

"ನೋಡ್ರಿ ಸಾಹೇಬ್ರ," ಎಂದು ಚಾಚಿ ನಿಧಾನವಾಗಿ ಹೇಳತೊಡಗಿದರು. "ಗಾಡಿ ತಿರುವಿನ್ಯಾಗ ಹೋಗುಮುಂದ ಹೊರಗಿನ ಗಾಲಿ ದೂರ ಉರಳಬೇಕು, ಒಳಗಿಂದು ಕಮ್ಮಿ ಉರಳಬೇಕು. ಲಾಕ್ ತುಳದ್ರ ಎರಡೂ ಗಾಲಿ ಒಂದಕ್ಕೊಂದು ಕಟ್ಟಿ ಹಾಕಿದಂಗ ಆಗತಾವ. ಕೆಸರಿನ್ಯಾಗ ಅದು ಬೇಕು, ತಿರುವಿನ್ಯಾಗ ಬ್ಯಾಡ. ಕಾಲ ತೆಗದ್ರ ಬಿಡಬೇಕು. ನಿನ್ನಿ ಬಿಡಲಿಲ್ಲ. ಯಾಕ? ಈ ಗಾಡಿಯ ಬಲಗಾಲಿ ಎಡಕ್ಕಿಂತ ಒಂದಿಂಚು ಗಿಡ್ಡ ಐತಿ. ಅಕ್ಕೋರ, ಒಂದು ಸುತ್ತಿಗೆ ಎಷ್ಟು ಫರಕ್ ಬರತೈತಿ?"

"ಆರಿಂಚು," ಎಂದೆ. ದಾರಿಯಲ್ಲೇ ಲೆಕ್ಕ ಹಾಕಿಕೊಂಡಿದ್ದೆ.

"ಆರಿಂಚು. ಕಟ್ಟಿ ಹಾಕಿದ ಎರಡು ಗಾಲ್ಯಾಗ ಒಂದು ಸುತ್ತು ಸುತ್ತಿಗೂ ಆರಿಂಚು ಹಿಂದ ಬೀಳತೈತಿ. ಕೆಸರಿನ್ಯಾಗ ಜಾರಿ ಸರಿ ಹೋಗತೈತಿ. ಗಟ್ಟಿ ದಾರಿ ಮ್ಯಾಲ ಜಾರಾಕ ಬರಂಗಿಲ್ಲ. ಒಂದು ಮುಂದ ಜಗ್ಗತೈತಿ, ಒಂದು ಹಿಂದ ಜಗ್ಗತೈತಿ. ನಡುವ ಲಾಕಿನ ಹಲ್ಲು ಸಿಕ್ಕೊಂಡು ಬಿಡತಾವ. ಎಂಥಾ ಸ್ಪ್ರಿಂಗ್ ಇದ್ರೂ ಬಿಡಸಾಕ ಆಗಂಗಿಲ್ಲ. ಹಿಂದಕ್ಕ ಒಂದು ಮೊಳ ಸರಿಸಿದ್ರ ಜಗ್ಗಾಟ ಸಡಲಿ ತಾನ ಬಿಡತೈತಿ. ನಿನ್ನಿ ಗಾಡೀನ ಗೇಟಿಂದ ಹಿಂದಕ್ಕ ಜಗ್ಗಿದ್ರಲ್ಲ, ಅವಾಗ ಲಾಕ್ ಬಿಟ್ಟೈತಿ. ಅದಕ್ಕ ಮುಂಜಾನಿ ಮಿಸ್ತ್ರಿಗೆ ಪೆಡಲ್ ಹೂವಿನಂಗ ಕಂಡೈತಿ. ಅಂಬಣ್ಣ ಖರೇನ ಹೇಳಿದ್ದ. ಸಾಕ್ಷೀನ ಸರಪಳಿ ಕಟ್ಟಿ ಜಗ್ಗಿ ಅಳಿಸಿದ್ರಿ."

"ಆದ್ರ ಅಂವ ಗೇಟ ಮುರೀತೀನಿ ಅಂದಿದ್ದು?" ಎಂದು ಯಾರೋ ಕೇಳಿದರು.

"ಗೇಟಿಗೆ ಗುದ್ದಬೇಕು ಅನ್ನಾಂವ ಸ್ಟೇರಿಂಗ್ ನೆಟ್ಟಗ ಹಿಡಿಯಬೇಕಲ್ಲ? ಹತ್ತು ಮಾರು ಮೊದಲ ಎಡಕ್ಕ ಹೊರಳಿಸ್ಯಾನ. ಗುರುತು ಅಲ್ಲೇ ಐತಿ, ಈಗ ಬಿದ್ದ ಗುರುತು ಇಲ್ಲೇ ಐತಿ. ಎರಡೂ ಹೋಗಿ ನೋಡ್ರಿ." ಓವರ್ಸಿಯರ್ ನಿಜವಾಗಿಯೂ ಹೋಗಿ ನೋಡಿದರು. ತಿರುಗಿ ಬಂದಾಗ ಅವರ ಮುಖದಲ್ಲಿ ಬೇಸರ ಇರಲಿಲ್ಲ.

"ಗಿಡ್ಡ ಗಾಲಿ ಬಂದದ್ದೆಲ್ಲಿಂದ?" ಎಂದು ಕೇಳಿದರು.

"ಅದನ್ನ ಬಾಲಮ್ಮ ಹೇಳತಾರ. ಅಮ್ಮಾ, ಹುಣ್ಣಿಮಿ ದಿನ ಎಷ್ಟು ಗಾಲಿಗೆ ಜಾಜು ಬಡದ್ರಿ?"

"ಎರಡಕ್ಕೂ."

"ಇದರ ಬಲಗಾಲಿಗೆ ಇಲ್ಲ. ಅಂದ್ರ ಈ ಗಾಲಿ ಈ ಗಾಡೀದಲ್ಲ. ನಾಕ ದಿನ ಗಾಲಿ ಬಿಚ್ಚಿ ಇಟ್ಟಿದ್ದು ಆ ಬೇವಿನ ಗಿಡದ ಕೆಳಗ. ಅಲ್ಲಿದ್ದುವು ಎರಡ ಗಾಡಿ ಗಾಲಿ, ಒಂದ ಕಂಪನೀವು, ಒಂದ ಅಳತೀವು. ಮೊದಲು ಬಂದು ಹಾಕ್ಕೊಂಡು ಹೋದವರು ಯಾರು ಮರಿಲಿಂಗಪ್ಪ?"

ಮರಿಲಿಂಗಪ್ಪನ ಬೀಡಿ ಕೆಳಗೆ ಬಿತ್ತು. ಎಲ್ಲರ ತಲೆ ಚಂದ್ರಾಮಪ್ಪನವರ ಕಡೆ ತಿರುಗಿತು.

"ಏನ್ ಮಾತಾಡಾಕತ್ತೀರಿ!" ಚಂದ್ರಾಮಪ್ಪನವರ ದನಿ ಒಡೆಯಿತು. "ಹಾಡ ಹಗಲ ನನ್ನ ಗಾಲಿ ನಾನು ಹಾಕ್ಕೊಂಡು ಹೋಗೀನಿ. ಹೊಲದಾಗ ಇಪ್ಪತ್ತು ಮಂದಿ ಇದ್ರು."

"ಅದಕ್ಕ ಯಾರಿಗೂ ಸಂಶಯ ಬರಲಿಲ್ಲ. ತನ್ನ ಗಾಡಿಗೆ ಗಾಲಿ ಹಾಕಾಂವನ್ನ ಯಾರು ನೋಡತಾರ? ಬಣ್ಣ ಯಾವಾಗ ಹಚ್ಚಿದ್ರಿ ಅಂದ್ರಿ?"

"ಕಾರ ಹುಣ್ಣಿಮಿಗೆ."

"ಹುಣ್ಣಿಮಿ ಆಗಿ ತಿಂಗಳ ಮ್ಯಾಲಾತು. ನಡುವ ಮಳಿ, ಕೆಸರು. ಬಣ್ಣದ ಮ್ಯಾಲ ಒಂದು ಗೀರಿಲ್ಲ. ಹಬ್ಬಕ್ಕ ಹಚ್ಚಾಂವ ಒಂದ ಗಾಲಿಗೆ ಹಚ್ಚತಾನೇನು?" ಚಾಚಿ ಗೋಣಿಯ ತುಂಡನ್ನು ಬಾಲಮ್ಮನ ಕೈಗೆ ಕೊಟ್ಟರು. "ಎಣ್ಣಿ ಜಾಜಿನ ಮ್ಯಾಲ ಬಣ್ಣ ಹಿಡಿಯಂಗಿಲ್ಲಮ್ಮಾ. ಒರಸ್ರಿ."

ಮುದುಕಿ ಚಂದ್ರಾಮಪ್ಪನವರ ಗಾಲಿಯ ಮುಂದೆ ಕುಕ್ಕುರುಗಾಲಲ್ಲಿ ಕುಳಿತು ಉಜ್ಜಿದರು. ಬೆಳ್ಳಿ ಬಣ್ಣ ಸುತ್ತಲೂ ಗಟ್ಟಿಯಾಗಿ ನಿಂತಿತು. ನಡುವೆ ಮಾತ್ರ ಸಿಪ್ಪೆಯಂತೆ ಎದ್ದು ಬಂತು. ಕೆಂಪು ಅಂಗೈ ಕಂಡಿತು, ಹೆಬ್ಬೆರಳು ಕಂಡಿತು, ಕಿರುಬೆರಳು ಕಂಡಿತು. ಉಂಗುರದ ಬೆರಳಿರಬೇಕಾದ ಕಡೆ ಬೆಳ್ಳಿ ಬಣ್ಣ ಹಾಗೇ ಇತ್ತು. ಬಾಲಮ್ಮ ತಮ್ಮ ಕೈಯನ್ನು ಅದರ ಮೇಲಿಟ್ಟರು. ಸರಿಯಾಗಿ ಕೂತಿತು.

ಓವರ್ಸಿಯರ್ ಬಗ್ಗಿ ಗುರುತನ್ನು ನೋಡಿ ಚಂದ್ರಾಮಪ್ಪನವರ ಕಡೆ ತಿರುಗಿದರು.

"ನನ್ನ ಟೈರ್ ಸೀಳಿ ಹೋಗಿತ್ತು," ಎಂದರು ಚಂದ್ರಾಮಪ್ಪ ಕೊನೆಗೆ. "ಹಳೇದೊಂದು ಹಾಕ್ಕೊಂಡಿದ್ದೆ. ಗಿಡದ ಕೆಳಗ ಅದನ್ನ ಇಟ್ಟು ಇದನ್ನ ಒಯ್ದೆ, ಹೊಸಾ ಟೈರ್ ತಂದ ಮ್ಯಾಲ ವಾಪಸ್ ಇಡಾಂವಿದ್ದೆ. ಗಾಡಿ ಗುದ್ದೀತು ಅಂತ ನನಗೇನು ಗೊತ್ತು?"

"ಗಾಲಿ ಬದಲಿಸಿದಾಗ ಗೊತ್ತಿರಲಿಲ್ಲ, ಒಪ್ಪತೀನಿ," ಎಂದರು ಚಾಚಿ. ಅವರ ದನಿ ಮೊದಲ ಬಾರಿ ಬಿರುಸಾಯಿತು. "ನಿನ್ನಿ ಸಂಜಿ ಅಂಬಣ್ಣ 'ಲಾಕ್ ಹಿಡೀತು' ಅಂದಾಗ ಗೊತ್ತಾಗಲಿಲ್ಲೇನು? ಇಪ್ಪತ್ತು ವರ್ಷ ಗಾಡಿ ಇಟ್ಟೀರಿ. ಗೊತ್ತಾದ ಮ್ಯಾಲ ಬಣ್ಣ ತಂದ್ರಿ. ಮುಂಜಾನಿ ಎದ್ದು ಶಹಾಪುರಕ್ಕ ಬಂದು 'ಬೇಕಂತನ' ಅಂತ ಬರಸಾಕ ಕುಂತ್ರಿ. ಅಂಬಣ್ಣನ್ನ ಪೊಲೀಸರು ಒಯ್ದ್ರ ಗಾಡಿ ಯಾರೂ ನೋಡಂಗಿಲ್ಲಲ್ಲ."

ಆಮೇಲೆ ಅಂಬಣ್ಣನ ಕಡೆ ತಿರುಗಿದರು. "ನೀನೇನ್ ನಿಂತು ನಗತೀ? ಕೆಸರ ತೊಳೀದ ಗಾಲಿ ಹಾಕ್ಕೊಂಡಿ. ತೊಳದಿದ್ರ ಅಲ್ಲೇ ಕಾಣತಿತ್ತು. ಪೆಡಲ್ ಬರಲಿಲ್ಲ ಅಂದ್ರ ಗಾಡಿ ನಿಲ್ಲಸಬೇಕು, ಒಂದು ಮೊಳ ಹಿಂದಕ್ಕ ತಗೋಬೇಕು. ಇನ್ನ ಮ್ಯಾಲ ಬಾಯಿ ಸಡಲ ಬಿಡಬ್ಯಾಡ. ಗೇಟ ಮುರೀತೀನಿ ಅನ್ನಾಂವಗ ಗೇಟ ತಾನಾಗಿ ಮುರದ್ರೂ ಜಿಮ್ಮೇದಾರಿ ಬರತೈತಿ."

"ಹೌದ್ರಿ ಚಾಚಿ," ಎಂದ ಅಂಬಣ್ಣ. ಅವನು ನಗುತ್ತಿರಲಿಲ್ಲ, ಅಳುತ್ತಿದ್ದ.

ಓವರ್ಸಿಯರ್ ಅರ್ಜಿಯನ್ನು ನನಗೆ ಮರಳಿಸಿದರು. ಹೊಸದೊಂದನ್ನು ಅಲ್ಲೇ ಜೀಪಿನ ಬಾನೆಟ್ಟಿನ ಮೇಲಿಟ್ಟು ಬರೆದೆ. ಗೇಟಿನ ಚೌಕಟ್ಟು ನೆಟ್ಟಗೆ ಮಾಡಿಸುವುದೂ, ಮೂರು ಮನೆಗೂ ತನ್ನ ಮಡಿಯಿಂದ ಸಸಿ ಕೊಡುವುದೂ ತನ್ನ ಹೊಣೆ ಎಂದು ಚಂದ್ರಾಮಪ್ಪನವರೇ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದೆ. ಅವರು ಸಹಿ ಹಾಕುವಾಗ ಮೌನಮ್ಮ ಪಕ್ಕದಲ್ಲೇ ನಿಂತು, "ಸಸಿ ಎಳೇವು ಇರಲಿ, ಬಲತಿದ್ದು ಕೊಟ್ರ ಮನಿಗೆ ಬರತೀನಿ," ಎಂದಳು.

ಗಾಲಿ ಬದಲಿಸಿ ಮುಗಿಯುವ ಹೊತ್ತಿಗೆ ಬಿಸಿಲು ಇಳಿದಿತ್ತು. ಚಾಚಿ ಗಾಲಿಗಳ ಪಕ್ಕ ಕುಳಿತು ಒಂದೊಂದೇ ಬೋಲ್ಟನ್ನು ಮುಟ್ಟಿ ನೋಡಿದರು. ಅವರ ತಾಳ್ಮೆಯನ್ನು ನೋಡುತ್ತ ನಿಂತಿದ್ದ ನನಗೆ, ನನ್ನ ಕಣ್ಣಿಗೆ ಬಿದ್ದದ್ದೇ ಅವರ ಕಣ್ಣಿಗೂ ಬಿದ್ದಿತ್ತು ಎನ್ನುವುದು ಹೊಳೆಯಿತು. ಗೆರೆ, ಟೇಪಿನ ಅಳತೆ, ಕೈ, ಬಣ್ಣ ಎಲ್ಲವನ್ನೂ ನಾನೂ ಕಂಡಿದ್ದೆ. ಕಂಡದ್ದನ್ನು ನಾನು ಹೆದರಿಕೆಯ ಜೊತೆ ಇಟ್ಟುಕೊಳ್ಳುತ್ತಿದ್ದೆ. ಅವರು ಒಂದರ ಪಕ್ಕ ಇನ್ನೊಂದನ್ನು ಇಡುತ್ತಿದ್ದರು.

ಮಹಾದೇವಪ್ಪನವರು ಗಾಡಿಯ ಬೀಗದ ಕೈ ಹಿಡಿದು ಅಂಬಣ್ಣನ ಎದುರು ನಿಂತರು. ಅಂಬಣ್ಣ ಕೈ ಮುಂದೆ ಮಾಡಲಿಲ್ಲ.

"ಒಂಬತ್ತು ವರ್ಷ ಆತ್ರಿ ಧಣ್ಯಾರ," ಎಂದ. "'ಸ್ಟೇರಿಂಗ್ ತಿರುವಿದ್ದೇನೋ ಅಂಬಣ್ಣ' ಅಂತ ಒಂದು ಮಾತು ನನ್ನ ಕೇಳಲಿಲ್ಲ."

ಮಹಾದೇವಪ್ಪನವರು ಬೀಗದ ಕೈಯನ್ನು ಸೀಟಿನ ಮೇಲಿಟ್ಟು, ಟವೆಲ್ ಹೆಗಲಿಗೆ ಹಾಕಿ, ಬ್ರೇಕಿನ ಪೆಡಲ್ಲಿನ ಬದಿಯಿಂದ ಏರಿ ಗಾಲಿಯ ಮೇಲಿನ ಮಡ್‌ಗಾರ್ಡಿನ ಮೇಲೆ ಕುಳಿತರು. ತಾಯಿಗೂ ಕೈ ಕೊಟ್ಟು ಇನ್ನೊಂದು ಬದಿಗೆ ಹತ್ತಿಸಿಕೊಂಡರು. ಡ್ರೈವರನ ಸೀಟು ನಡುವೆ ಖಾಲಿ ಇತ್ತು.

"ಗೇಟಿನ ತಿರುವಿನ್ಯಾಗ ಹಾದು ಹೋಗೋಣು," ಎಂದರು. "ಜಲ್ದಿ ಬ್ಯಾಡ. ನಿನ್ನ ಪದ್ಧತಿಲೆ ಹೊಡಿ."

ಮಾನಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಗಂಡನ ಬೆನ್ನಿಗೆ ಒಂದು ಸಣ್ಣ ಗುದ್ದು ಕೊಟ್ಟಳು. ಅಂಬಣ್ಣ ಏರಿದ. ಟ್ರ್ಯಾಕ್ಟರ್ ಗುಡುಗುಟ್ಟಿ ತಿರುವಿನ ಕಡೆ ಹೊರಟಿತು. ಜನ ಎರಡೂ ಬದಿಗೆ ಸರಿದರು, ಆದರೆ ಯಾರೂ ದೂರ ಹೋಗಲಿಲ್ಲ. ಮರಿಲಿಂಗಪ್ಪ ತನ್ನ ಗೇಟಿಗೆ ಅಡ್ಡವಾಗಿ ಕೈ ಚಾಚಿ ನಿಂತ. ಮಹಾದೇವಪ್ಪನವರು ಏನನ್ನೂ ಹಿಡಿದುಕೊಳ್ಳದೆ, ಎರಡೂ ಕೈ ಮಡಿಲಲ್ಲಿಟ್ಟು ಕುಳಿತಿದ್ದರು.

ತಿರುವು ಬಂತು. ಅಂಬಣ್ಣ ಸ್ಟೇರಿಂಗ್ ತಿರುವಿದ. ಗಾಡಿ ಎಡಕ್ಕೆ ಹೊರಳಿತು.